ಶುಕ್ರವಾರದ ಅಳು

ಬಂದ್ಯೋಡಿನ ಲೆಸ್ಲಿ ಮೊಂತೇರೊನ ಮನೆಯಲ್ಲಿ ಊಟದ ಹೊತ್ತಿಗೆ ಟಿ.ವಿ. ಹಾಕುವ ಪದ್ಧತಿ ಇರಲಿಲ್ಲ. ಲೆಸ್ಲಿ ಒಬ್ಬನೇ ಸಾಕಾಗುತ್ತಿದ್ದ. ಹೆದ್ದಾರಿಯ ಬದಿಯಲ್ಲಿ ಅವನಿಗೆ ಪೈಂಟು, ಮೊಳೆ, ಪೈಪುಗಳ ಅಂಗಡಿ. ಹಗಲೆಲ್ಲ ಗಿರಾಕಿಗಳ ಎದುರು ‘ಎಂತ ಬೇಕು ಮಾಸ್ಟ್ರೆ’ ಎಂದು ಬಾಗಿ ನಿಂತವನು, ಊಟಕ್ಕೆ ಕುಳಿತ ಮೇಲೆ ಅವರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದು ಮೇಜಿನ ಎದುರು ನಿಲ್ಲಿಸುತ್ತಿದ್ದ. ಗೋಡೆಯ ಬಣ್ಣ ಆರಿಸಲು ಹೆಂಡತಿಗೆ ಫೋನು ಮಾಡಿ ಮಾಡಿ ಬೆವರಿದ ಬ್ಯಾಂಕಿನವನು, ಒಂದು ನಲ್ಲಿ ಕೊಳ್ಳಲು ಬಂದು ಇಡೀ ವಂಶದ ಕಥೆ ಹೇಳಿದ ಮುದುಕ, ಮಗಳ ಮದುವೆ ನಿಂತುಹೋಯಿತೆಂದು ಕೌಂಟರಿಗೆ ಒರಗಿ ಅತ್ತ ಮೇಸ್ತ್ರಿ. ಲೆಸ್ಲಿ ಅವರ ಸ್ವರ ತೆಗೆಯುತ್ತಿದ್ದ, ಅವರ ಹಾಗೆ ಮೂಗು ಎಳೆಯುತ್ತಿದ್ದ. ಹೆಂಡತಿ ರೋಸ್ಮೇರಿ ಅನ್ನ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದಳು. ಮಗಳು ಕ್ಯಾರಲ್ ನಗುತ್ತಲೇ ವಿದ್ಯೆ ಕಲಿಯುತ್ತಿದ್ದಳು. ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳು ಅಪ್ಪನನ್ನು ಮೀರಿಸಿದ್ದಳು. ಯಾರ ನಡಿಗೆಯನ್ನಾದರೂ ಒಮ್ಮೆ ನೋಡಿದರೆ ಸಾಕು, ಅಡುಗೆಮನೆಯಿಂದ ಚಾವಡಿಯವರೆಗೆ ಅದೇ ನಡಿಗೆಯಲ್ಲಿ ಬರುತ್ತಿದ್ದಳು.

ಆ ಮನೆಯಲ್ಲಿ ದೊಡ್ಡ ಪಾಪವೆಂದರೆ ಇನ್ನೊಬ್ಬರ ಎದುರು ಗೋಳು ಹೇಳಿಕೊಳ್ಳುವುದು. ಸುಳ್ಳು ಹೇಳಿದರೆ ಕ್ಷಮೆ ಇತ್ತು. ಗೋಳಾಡಿದವರಿಗೆ ಊಟದ ಮೇಜಿನಲ್ಲಿ ಶಿಕ್ಷೆ ಇತ್ತು.

ಇಂಥ ಮನೆಯ ಹುಡುಗಿ ಮನಃಶಾಸ್ತ್ರ ಓದಿದಳು. ಜನರನ್ನು ಗಮನಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು, ಇಷ್ಟಪಡುವುದು ಬರುತ್ತಿರಲಿಲ್ಲ. ಎರಡೂ ಒಂದೇ ಎಂದು ನಂಬಿಕೊಂಡೇ ಎಂ.ಎ. ಮುಗಿಸಿದಳು. ಆಮೇಲೆ ವಿದ್ಯಾನಗರದ ಒಂದು ಖಾಸಗಿ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ತರಬೇತಿಗೆ ಸೀಟು ಸಿಕ್ಕಿತು. ರೋಗಿಗಳನ್ನು ಕೂರಿಸಿ ಮಾತಾಡಿಸುವ, ಪರೀಕ್ಷೆ ಮಾಡುವ, ಚಿಕಿತ್ಸೆ ಕೊಡುವ ಕೆಲಸವನ್ನು ಹಿರಿಯರ ಕೆಳಗೆ ಮಾಡಿ ಕಲಿಯುವ ತರಬೇತಿ ಅದು.

ಆ ಸಂಸ್ಥೆಯ ಹೆಮ್ಮೆಯೆಂದರೆ ಶುಕ್ರವಾರ ಸಂಜೆಯ ರಿಫ್ಲೆಕ್ಷನ್. ರೋಗಿಯ ಮನಸ್ಸನ್ನು ಮುಟ್ಟುವವನು ಮೊದಲು ತನ್ನ ಮನಸ್ಸನ್ನು ನೋಡಿಕೊಂಡಿರಬೇಕು ಎಂಬುದು ಅದರ ಹಿಂದಿನ ವಿಚಾರ. ವಿಚಾರ ಒಳ್ಳೆಯದೇ. ಅದು ಡಾಕ್ಟರ್ ವೆಂಕಟಕೃಷ್ಣರ ಕೈಗೆ ಸಿಕ್ಕದ್ದು ಮಾತ್ರ ಅದರ ಗ್ರಹಚಾರ.

ವೆಂಕಟಕೃಷ್ಣರು ಸಂಸ್ಥೆಯ ನಿರ್ದೇಶಕರು. ಕಟ್ಟಡಕ್ಕೆ ಹಂಚಿನ ಮಾಡು ಇದ್ದ ಕಾಲದಲ್ಲಿ ರೋಗಿಗಳನ್ನು ನೋಡುತ್ತಿದ್ದರಂತೆ. ಆಮೇಲೆ ಎಲ್ಲಿಗೋ ಹೋಗಿ ಒಂದು ಶಿಬಿರ ಮುಗಿಸಿ ಬಂದರು. ಬರುವಾಗ ಖಾದಿ ಜುಬ್ಬ, ತಗ್ಗಿದ ಸ್ವರ ಮತ್ತು ಕುರ್ಚಿಗಳನ್ನು ವೃತ್ತಾಕಾರವಾಗಿ ಇಡುವ ಅಭ್ಯಾಸವನ್ನು ತಂದರು. ವೃತ್ತದ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಟಿಶ್ಯೂ ಪೇಪರಿನ ಡಬ್ಬ. ‘ಇಲ್ಲಿ ಯಾರೂ ಯಾರನ್ನೂ ತೂಗುವುದಿಲ್ಲ’ ಎಂದು ಪ್ರತಿ ಶುಕ್ರವಾರ ಹೇಳುತ್ತಿದ್ದರು. ವರ್ಷದ ಕೊನೆಗೆ ‘ವ್ಯಕ್ತಿತ್ವ ವಿಕಾಸ’ ಎಂಬ ವಿಷಯಕ್ಕೆ ಅಂಕ ಹಾಕುವವರೂ ಅವರೇ. ಡಬ್ಬದಿಂದ ಕಾಗದ ಎಳೆದವರಿಗೆ ಅಂಕ ಜಾಸ್ತಿ ಎಂಬುದು ವಿದ್ಯಾರ್ಥಿಗಳಿಗೆ ಮೊದಲ ತಿಂಗಳಲ್ಲೇ ತಿಳಿದುಹೋಗಿತ್ತು.

ಯಾರಾದರೂ ಮಾತು ಶುರು ಮಾಡಿದರೆ ವೆಂಕಟಕೃಷ್ಣರು ಕಣ್ಣು ಅರ್ಧ ಮುಚ್ಚಿ ಕೇಳುವ ಪ್ರಶ್ನೆ ಒಂದೇ. “ಅದು ನಿಮ್ಮ ದೇಹದ ಯಾವ ಭಾಗದಲ್ಲಿ ಉಂಟು?”

ಎಲ್ಲರೂ ಎದೆ ಎನ್ನುತ್ತಿದ್ದರು. ಮೊಣಕೈ ಎಂದವರು ಆ ಸಂಸ್ಥೆಯ ಚರಿತ್ರೆಯಲ್ಲಿ ಇಲ್ಲ. ಸುಜನ್ ಎಂಬ ಸಾಧು ಹುಡುಗ ಒಮ್ಮೆ ಹೊಟ್ಟೆ ಎಂದ. ಅವನು ಮಧ್ಯಾಹ್ನ ಊಟ ಮಾಡಿರಲಿಲ್ಲ, ಅಷ್ಟೇ. ವೆಂಕಟಕೃಷ್ಣರು ಅಲ್ಲಿಂದ ತಾಯಿಯ ಕೈತುತ್ತಿಗೆ ಹೋಗಿ, ಅಲ್ಲಿಂದ ತಾಯಿಯ ಸಿಟ್ಟಿಗೆ ಹೋಗಿ, ಕೊನೆಗೆ ಅವನನ್ನು ಅಳಿಸಿಯೇ ಬಿಟ್ಟರು. ಹಸಿದವನು ಅತ್ತು ಮುಗಿಸಿ ಓಡಿದ್ದು ಕ್ಯಾಂಟೀನಿಗೆ.

ಈ ವಿದ್ಯೆಯಲ್ಲಿ ಪಳಗಿದವನು ಶಶಾಂಕ. ನೀರ್ಚಾಲು ಕಡೆಯ ಹುಡುಗ, ನುಣ್ಣಗಿನ ಮುಖ, ಒಳ್ಳೆಯ ಕಂಠ. ಮೊದಲ ವರ್ಷದ ಮಳೆಗಾಲದಲ್ಲಿ ಒಂದು ಶುಕ್ರವಾರ ಅವನು ತನ್ನ ಅಜ್ಜಿಯ ಕೊನೆಗಾಲವನ್ನು ಹೇಳಿದ. ಆಸ್ಪತ್ರೆಯ ಮಂಚ, ತನ್ನ ಅಂಗೈಯಲ್ಲಿ ತಣ್ಣಗಾದ ಅಜ್ಜಿಯ ಬೆರಳುಗಳು, ತಾನು ಅಂದು ಹೇಳದೆ ಉಳಿಸಿಕೊಂಡ ಒಂದು ಮಾತು. ಅದೇ ಬ್ಯಾಚಿನ ದೀಪ್ತಿ ಬಿಕ್ಕಿ ಬಿಕ್ಕಿ ಅತ್ತಳು. ವೆಂಕಟಕೃಷ್ಣರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಡಬ್ಬ ಖಾಲಿಯಾಯಿತು.

ಮೆಟ್ಟಿಲಿಳಿಯುವಾಗ ಕ್ಯಾರಲ್ ಶಶಾಂಕನನ್ನು ಹಿಡಿದಳು. “ಅಜ್ಜಿ ಯಾವಾಗ ತೀರಿಹೋದದ್ದು?”

“ಅಮ್ಮನ ಅಮ್ಮ ಅದು, ಮಾರಾಯ್ತಿ.”

“ಹೋದ ತಿಂಗಳು ನಿಮ್ಮ ಮನೆಯ ಪೂಜೆಗೆ ಬಂದಾಗ ನಮ್ಗೆ ಹೋಳಿಗೆ ಬಡಿಸಿದ್ದೂ ಅಮ್ಮನ ಅಮ್ಮನೇ ಅಲ್ವಾ? ‘ಎಲೆಯಲ್ಲಿ ಬಿಟ್ಟರೆ ನಾನು ಸುಮ್ನಿರುದಿಲ್ಲ’ ಅಂತ ನನ್ನ ಬೈದದ್ದು?”

ಶಶಾಂಕ ನಾಚಲಿಲ್ಲ. “ಒಂದು ದಿನ ಹೋಗ್ಲಿಕ್ಕೆ ಉಂಟಲ್ಲ ಅವರಿಗೆ. ಭಾವನೆ ನಿಜವೇ. ಸ್ವಲ್ಪ ಮೊದಲೇ ಹೇಳಿದೆ” ಎಂದು ಕೊಡೆ ಬಿಡಿಸಿದ.

ಕ್ಯಾರಲ್ ಅವನನ್ನು ಹೀನಾಯವಾಗಿ ಕಂಡಳು ನಿಜ. ಆದರೆ ತಾನೂ ಅದನ್ನೇ ಮಾಡಿದಳು. ಅಂಕ ಬೇಕಿತ್ತು. ಅಳುವುದು ಅವಳಿಗೆ ಕಷ್ಟವಾಗಲಿಲ್ಲ, ದೀಪ್ತಿ ಅಳುವ ಕ್ರಮವನ್ನು ಸರಿಯಾಗಿ ಗಮನಿಸಿದ್ದಳಲ್ಲ. ಮೊದಲು ಕೆಳತುಟಿ ಅದುರಬೇಕು, ಆಮೇಲೆ ಕ್ಷಮಿಸಿ ಎನ್ನಬೇಕು, ಕ್ಷಮಿಸಿ ಎನ್ನುವಾಗ ಸ್ವರ ಒಡೆಯಬೇಕು. ಚಿಕ್ಕವಳಿದ್ದಾಗ ಶಿರಿಯ ಹೊಳೆಯ ದಂಡೆಯಲ್ಲಿ ದಾರಿ ತಪ್ಪಿದ ಒಂದು ಪ್ರಸಂಗವನ್ನು ಕಟ್ಟಿ ಹೇಳಿದಳು. ವೆಂಕಟಕೃಷ್ಣರು ಎದ್ದು ಬಂದು ತಲೆ ಸವರಿದರು. ಅವಳು ಬಸ್ಸಿನಲ್ಲಿ ಊರಿಗೆ ಬರುವ ದಾರಿಯುದ್ದಕ್ಕೂ ಆ ಕೈಯ ಭಾರವನ್ನೂ ಸ್ವರದ ಜಿಡ್ಡನ್ನೂ ಅಭ್ಯಾಸ ಮಾಡಿಕೊಂಡು ಬಂದಳು, ಮನೆಯಲ್ಲಿ ಮಾಡಿ ತೋರಿಸಲಿಕ್ಕೆ.

ಮನೆಯಲ್ಲಿ ಯಾರೂ ನಗಲಿಲ್ಲ. ಹೆದ್ದಾರಿ ಅಗಲವಾಗುವಾಗ ಲೆಸ್ಲಿಯ ಅಂಗಡಿಯ ಮುಂಭಾಗ ಅರ್ಧಕ್ಕರ್ಧ ಹೋಗಿತ್ತು. ಉಳಿದರ್ಧದ ಎದುರಿಗೆ ಗೋಡೆ ಎದ್ದಿತ್ತು. ಆಚೆ ಬದಿಯ ಗಿರಾಕಿಗಳು ಈಚೆ ಬರಲು ದೂರದ ಅಂಡರ್‌ಪಾಸಿಗೆ ಸುತ್ತು ಹಾಕಬೇಕು. ಒಂದು ನಲ್ಲಿಗಾಗಿ ಯಾರು ಅಷ್ಟು ಸುತ್ತುತ್ತಾರೆ? ಲೆಸ್ಲಿ ಊಟಕ್ಕೆ ಕೂತರೆ ಈಗ ಒಂದೇ ಮಾತು. ಅವನು ಹಾಗೆ ಹೇಳಿದ, ಇವನು ಹೀಗೆ ಮೋಸ ಮಾಡಿದ, ಪಂಚಾಯತಿನವರು ಮುಖ ಕೊಡುವುದಿಲ್ಲ. ಪ್ರತಿಯೊಂದರ ಕೊನೆಗೂ ಕೊಂಕಣಿಯಲ್ಲಿ ‘ನಮಗೆ ಯಾರಿದ್ದಾರೆ’ ಎಂದು ಸ್ವರ ಎಳೆಯುತ್ತಿದ್ದ. ಅದನ್ನು ಕೇಳಿದ ಕೂಡಲೇ ಕ್ಯಾರಲ್ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಪಪ್ಪ ಎಂಥ ಮನುಷ್ಯನಾದ ಎಂದು ಅವಳಿಗೆ ಮೈ ಉರಿಯುತ್ತಿತ್ತು.

ಎರಡನೆಯ ವರ್ಷ ಅವಳಿಗೆ ಸ್ವಂತವಾಗಿ ರೋಗಿಗಳನ್ನು ಕೊಟ್ಟರು. ಹಾಗೆ ಬಂದವರಲ್ಲಿ ಮುರಳೀಕೃಷ್ಣ ಒಬ್ಬ.

ಸಿವಿಲ್ ಸ್ಟೇಷನಿನ ಯಾವುದೋ ಇಲಾಖೆಯಲ್ಲಿ ಗುಮಾಸ್ತ. ಪ್ರಾಯ ಐವತ್ತರ ಹತ್ತಿರ. ಎದೆ ಹೊಡೆದುಕೊಳ್ಳುತ್ತದೆ, ಆಫೀಸಿನ ಗೇಟು ಕಂಡರೆ ಕಾಲು ಮುಂದೆ ಹೋಗುವುದಿಲ್ಲ ಎಂದು ರಜೆ ಹಾಕಿ ಮನೆಯಲ್ಲಿ ಕೂತಿದ್ದ. ಹೃದಯದ ಡಾಕ್ಟರು ಏನೂ ಇಲ್ಲ ಎಂದ ಮೇಲೆ ಅಕ್ಕ ಪರಮೇಶ್ವರಿ ಅವನನ್ನು ಇಲ್ಲಿಗೆ ಕರೆತಂದರು. ಆದದ್ದು ಇಷ್ಟು. ಮುರಳೀಕೃಷ್ಣ ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು, ಗಡಿಯ ಈಚೆಯ ಆಫೀಸಿನಲ್ಲಿ ಬರೆಯಬೇಕಾದದ್ದು ಮಲಯಾಳ, ಬರೆಯುವಾಗ ತಪ್ಪುತ್ತಿತ್ತು. ಅವನು ಫೈಲಿನಲ್ಲಿ ಬರೆದ ಒಂದು ಟಿಪ್ಪಣಿಯನ್ನು ಸೂಪರಿಂಟೆಂಡೆಂಟರು ಇಡೀ ಸೆಕ್ಷನಿಗೆ ಕೇಳುವ ಹಾಗೆ, ತಪ್ಪುಗಳ ಮೇಲೆ ಒತ್ತು ಕೊಟ್ಟು ಓದಿದರು. ಎಲ್ಲರೂ ನಕ್ಕರು. ‘ಯಾರೂ ನಗಲಿಲ್ಲವಲ್ಲ, ನಿಮಗೆ ಹಾಗೆ ಅನಿಸಿದ್ದು’ ಎಂದು ಸೂಪರಿಂಟೆಂಡೆಂಟರು ಆಮೇಲೆ ಹೇಳಿದರಂತೆ.

ಯಾರಿಗಾದರೂ ಅಯ್ಯೋ ಎನಿಸಬೇಕಾದ ಸಂಗತಿ. ಕ್ಯಾರಲ್‌ಗೂ ಮೊದಲ ದಿನ ಹಾಗೆಯೇ ಅನಿಸಿತು. ಆದರೆ ಮುರಳೀಕೃಷ್ಣ ಅಲ್ಲಿಗೆ ನಿಲ್ಲುವ ಆಸಾಮಿಯಾಗಿರಲಿಲ್ಲ. ಸೆಕ್ಷನಿನಿಂದ ಹೆಂಡತಿಯ ತವರಿಗೆ, ಅಲ್ಲಿಂದ ತನ್ನ ಬಾಲ್ಯಕ್ಕೆ, ಅಲ್ಲಿಂದ ಎದುರುಮನೆಯವನ ಬಾವಿಯ ಪಂಪಿಗೆ ಹೋಗುತ್ತಿದ್ದ. ಎಲ್ಲರೂ ಅವನಿಗೆ ಅನ್ಯಾಯ ಮಾಡಿದವರೇ. ಮಾತಿನ ನಡುನಡುವೆ ಕರವಸ್ತ್ರದ ಮೂಲೆಯಿಂದ ತುಟಿಯ ಎರಡೂ ಬದಿ ಒರೆಸಿಕೊಳ್ಳುತ್ತಿದ್ದ. ಆ ಒರೆಸುವಿಕೆಗೆ ಕ್ಯಾರಲ್ ಕಾದು ಕೂರುತ್ತಿದ್ದಳು. ಬಲಬದಿ ಆಯಿತು, ಈಗ ಎಡಬದಿ. ಇವನ ಟಿಪ್ಪಣಿ ಓದಿ ಆ ಸೆಕ್ಷನಿನವರು ನಕ್ಕದ್ದರಲ್ಲಿ ತಪ್ಪೇನು ಎಂದು ಒಂದು ದಿನ ಅವಳ ತಲೆಯಲ್ಲಿ ಹಾದುಹೋಯಿತು.

ಅವನು ಮಾತು ನಿಲ್ಲಿಸಿದ.

“ಮೇಡಂ, ನನ್ನ ಕಂಡ್ರೆ ನಿಮ್ಗೆ ಹೇಸಿಗೆ ಆಗ್ತದಾ?”

ಅವನ ಸ್ವರದಲ್ಲಿ ಗೋಳು ಇರಲಿಲ್ಲ. ಗಂಟೆ ಎಷ್ಟಾಯಿತು ಎಂದು ಕೇಳುವವನ ಹಾಗೆ ಕೇಳಿದ. ತರಬೇತಿಯಲ್ಲಿ ಹೇಳಿಕೊಟ್ಟ ಮಾತೊಂದು ಕ್ಯಾರಲ್‌ಳ ನಾಲಿಗೆಗೆ ಸಿದ್ಧವಾಗಿ ಬಂತು.

“ಹಾಗೆಂತ ಇಲ್ಲ. ನಿಮ್ಗೆ ಹಾಗೆ ಅನಿಸುದು ಯಾಕೆ ಅಂತ ನೋಡುವ, ಅಲ್ವಾ?”

ಮುರಳೀಕೃಷ್ಣ ಸ್ವಲ್ಪ ನಕ್ಕ. “ಸೂಪರಿಂಟೆಂಡೆಂಟರೂ ಹೀಗೇ ಹೇಳಿದ್ದು” ಎಂದು ಕರವಸ್ತ್ರ ಮಡಚಿ ಕಿಸೆಗೆ ಹಾಕಿ ಎದ್ದು ಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ರೋಗಿ ಬಿಟ್ಟುಹೋಗುವುದು ಅಪರೂಪವಲ್ಲ. ಇನ್ನೊಬ್ಬರಾಗಿದ್ದರೆ ‘ಸಹಕರಿಸಲಿಲ್ಲ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಕ್ಯಾರಲ್‌ಗೂ ಆ ಆಸೆ ಆಯಿತು. ಆದರೆ ತಾನು ಆಡಿದ ಮಾತು ಸೂಪರಿಂಟೆಂಡೆಂಟರ ಮಾತೇ ಎಂಬುದು ಅವಳನ್ನು ಬಿಡಲಿಲ್ಲ. ಇನ್ನೊಬ್ಬರ ಸ್ವರವನ್ನು ಬೇಕೆಂದೇ ತೆಗೆಯುವವಳು ಅವಳು. ಈ ಸಲ ಬೇಡದೆ ಬಂದಿತ್ತು.

ಆ ಶುಕ್ರವಾರ ವೃತ್ತದಲ್ಲಿ ಅವಳ ಸರದಿ ಬಂದಾಗ, ಮನಸ್ಸು ನೋಡಿಕೊಳ್ಳಲಿಕ್ಕೆ ತಾನೇ ಈ ಗಂಟೆ ಇರುವುದು ಎಂದುಕೊಂಡು, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕಣ್ಣೀರು ಬರಿಸಲಿಲ್ಲ.

ವೆಂಕಟಕೃಷ್ಣರು ಕಣ್ಣು ಅರ್ಧ ಮುಚ್ಚಿದರು. “ಒಳಗೆ ಒಂದು ನೋವು ಉಂಟು ಕ್ಯಾರಲ್. ಅದನ್ನು ಹೊರಗೆ ಬಿಡಿ. ಅದು ದೇಹದ ಯಾವ ಭಾಗದಲ್ಲಿ…”

“ನೋವಲ್ಲ ಸರ್. ತಾತ್ಸಾರ. ನನಗೆ ಅವರ ಮೇಲೆ ತಾತ್ಸಾರ ಬಂತು. ಅದು ಮುಖದಲ್ಲಿ ಕಂಡಿತು. ಅವರು ಕೇಳಿದಾಗ ನಾನು ಸುಳ್ಳು ಹೇಳಿದೆ.”

ದೀಪ್ತಿ ತನ್ನ ಕುರ್ಚಿಯನ್ನು ಒಂದಿಷ್ಟು ಆಚೆ ಸರಿಸಿದಳು. ಶಶಾಂಕ ನೆಲ ನೋಡಿದ. ವೆಂಕಟಕೃಷ್ಣರು ಈಗ ಪೂರ್ತಿ ಕಣ್ಣು ತೆರೆದರು. ಇಷ್ಟು ವರ್ಷ ಅವರು ಹೊರಗೆ ಬಿಡಿ ಬಿಡಿ ಎಂದು ಕರೆದದ್ದು ಅಜ್ಜಿಯರನ್ನೂ ತಾಯಂದಿರನ್ನೂ. ಇಂಥದ್ದು ಹೊರಗೆ ಬಂದೀತೆಂದು ಎಣಿಸಿರಲಿಲ್ಲ.

“ಇದು ಗಂಭೀರ ವಿಷಯ” ಎಂದರು. ಸ್ವರದ ತಗ್ಗು ಹೋಗಿತ್ತು. “ಇಂಥ ಭಾವನೆ ಇರುವವರು ಈ ವೃತ್ತಿಗೆ ತಕ್ಕವರಾ ಅಂತ ಯೋಚನೆ ಮಾಡಬೇಕಾಗ್ತದೆ.”

“ನಿಮಗೆ ಯಾವತ್ತೂ ಬಂದದ್ದಿಲ್ಲವಾ ಸರ್?”

“ನನಗೆ ರೋಗಿಗಳ ಮೇಲೆ ಬಂದದ್ದು ಪ್ರೀತಿ ಮಾತ್ರ.”

ಹೌದಾಗಿರಬಹುದು. ನೋಡದ ರೋಗಿಗಳನ್ನು ಪ್ರೀತಿಸುವುದು ಬಹಳ ಸುಲಭ. ಕ್ಯಾರಲ್ ಇದನ್ನು ಹೇಳಲಿಲ್ಲ, ಆದರೆ ಅವಳ ಮುಖಕ್ಕೆ ನಟಿಸುವುದು ಬರುತ್ತಿತ್ತೇ ಹೊರತು ಮುಚ್ಚಿಡುವುದು ಬರುತ್ತಿರಲಿಲ್ಲ. ವೆಂಕಟಕೃಷ್ಣರು ಅದನ್ನು ಓದಿಕೊಂಡರು. ಸೋಮವಾರ ಅವಳಿಗೆ ಕಾಗದ ಬಂತು. ಸಹಾನುಭೂತಿಯ ಕೊರತೆ ಕಂಡುಬಂದಿರುವುದರಿಂದ ತರಬೇತಿಯನ್ನು ಆರು ತಿಂಗಳು ಮುಂದುವರಿಸಲಾಗಿದೆ, ಸದ್ಯ ಹೊಸ ರೋಗಿಗಳನ್ನು ನೋಡುವಂತಿಲ್ಲ, ಸೌಮ್ಯಶ್ರೀಯವರ ಬಳಿ ತಿದ್ದಿಕೊಳ್ಳತಕ್ಕದ್ದು. ಯಾರೂ ಯಾರನ್ನೂ ತೂಗದ ಜಾಗದಿಂದ ಬಂದ ಕಾಗದ ಅದು.

ಸೌಮ್ಯಶ್ರೀ ಸಂಸ್ಥೆಯ ಹಿರಿಯ ಸೈಕಾಲಜಿಸ್ಟ್. ಲ್ಯಾಬಿನ ಪಕ್ಕದ ಕಿಟಕಿ ಇಲ್ಲದ ಕೋಣೆಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ರೋಗಿಗಳನ್ನು ನೋಡುತ್ತಿದ್ದರು. ವೃತ್ತಕ್ಕೆ ಬರುತ್ತಿರಲಿಲ್ಲ. ಅವರಿಗೆ ಒರಟು ಬಾಯಿ ಎಂದು ಹೆಸರಿತ್ತು, ಹೆಸರು ಸುಳ್ಳಾಗಿರಲಿಲ್ಲ.

“ಸಹಾನುಭೂತಿಯ ಕೊರತೆ” ಎಂದು ಕಾಗದ ಓದಿ ಮೇಜಿನ ಮೇಲೆ ಹಾಕಿದರು. “ತಾತ್ಸಾರ ಬಂತಲ್ಲ, ಯಾವಾಗ ಬಂದದ್ದು?”

“ಅವರನ್ನು ನೋಡುವಾಗೆಲ್ಲ…”

“ಹಾಗೆ ಆಗುದಿಲ್ಲ. ಮೊದಲ ದಿನವೇ ಇತ್ತಾ? ಇರ್ಲಿಕ್ಕಿಲ್ಲ. ಯಾವ ದಿನ, ಯಾವ ಮಾತಿಗೆ?”

“ನನಗೆ ಅನಿಸುವುದು ಎಂತದಂದ್ರೆ ಮೇಡಂ…”

“ಅನಿಸಿದ್ದು ಆಮೇಲೆ. ಅವರು ಎಂತ ಹೇಳಿದ್ದು?”

ಹೀಗೆ ಶುರುವಾಯಿತು. ಟಿಶ್ಯೂ ಇಲ್ಲ, ಎದೆ ಇಲ್ಲ, ಹೊಟ್ಟೆ ಇಲ್ಲ. ಅವನು ಏನೆಂದ, ನೀವು ಏನೆಂದಿರಿ, ಆಗ ಅವನ ಕೈ ಎಲ್ಲಿತ್ತು, ನೀವು ಎತ್ತ ನೋಡಿದಿರಿ. ಬೇಸರ ಹಿಡಿಸುವ ಕೆಲಸ. ಇದಕ್ಕಿಂತ ಸುಳ್ಳು ಅಳು ಹಿತವಾಗಿತ್ತು ಎಂದು ಕ್ಯಾರಲ್‌ಗೆ ಹಲವು ಸಲ ಅನಿಸಿತು. ಮಾತಿನಲ್ಲಿ ಹೇಳುವುದು ಸಾಕಾಗುತ್ತಿಲ್ಲ ಎಂದು ಒಂದು ದಿನ ಸೌಮ್ಯಶ್ರೀ, “ಅವರು ಹೇಗೆ ಹೇಳಿದ್ದು, ಮಾಡಿ ತೋರಿಸಿ” ಎಂದರು.

ಇದು ಕ್ಯಾರಲ್‌ಗೆ ಗೊತ್ತಿದ್ದ ಕೆಲಸ. ಕುರ್ಚಿಯಲ್ಲಿ ಬೆನ್ನು ಬಾಗಿಸಿದಳು, ಕರವಸ್ತ್ರ ಮಡಚಿದಳು, ಬಲಬದಿ ಒರೆಸಿ ಎಡಬದಿ ಒರೆಸಿದಳು. ಎದುರುಮನೆಯವನ ಪಂಪಿನಿಂದ ತೊಡಗಿ ಕಲೆಕ್ಟರಿಗೆ ಕೊಟ್ಟ ಅರ್ಜಿಯವರೆಗೆ ಮುರಳೀಕೃಷ್ಣನ ಗೋಳನ್ನು ಅವನದೇ ಸ್ವರದಲ್ಲಿ ಹರಿಸಿದಳು. ಕೊನೆಗೆ “ನಮ್ಗೆ ಯಾರಿದ್ದಾರೆ ಮೇಡಂ, ನಮ್ಗೆ ಯಾರಿದ್ದಾರೆ” ಎಂದು ಎಳೆದಳು.

ಎಳೆದವಳು ಅರ್ಧದಲ್ಲೇ ನಿಲ್ಲಿಸಿದಳು.

“ಯಾರದು?” ಎಂದರು ಸೌಮ್ಯಶ್ರೀ.

“ಪಪ್ಪ” ಎಂದಳು ಕ್ಯಾರಲ್.

ಸೌಮ್ಯಶ್ರೀ ಎದ್ದು ಬಂದು ತಲೆ ಸವರಲಿಲ್ಲ. ಫ್ಯಾನಿನ ವೇಗ ಸ್ವಲ್ಪ ಕಡಿಮೆ ಮಾಡಿ ಬಂದು ಕೂತರು. ಕ್ಯಾರಲ್ ಅರ್ಧ ಅಂಗಡಿಯ ವಿಷಯ ಹೇಳಿದಳು, ಗೋಡೆಯ ವಿಷಯ ಹೇಳಿದಳು, ತಾನು ತಟ್ಟೆ ಎತ್ತಿಕೊಂಡು ಹೋಗುವುದನ್ನು ಹೇಳಿದಳು. ಜೀವಮಾನವಿಡೀ ಊರವರ ಗೋಳನ್ನು ಆಡಿಕೊಂಡು ನಕ್ಕ ಮನುಷ್ಯ ಈಗ ಅದೇ ಗೋಳಾಗಿ ಕೂತದ್ದನ್ನು ತನ್ನಿಂದ ನೋಡಲಾಗುವುದಿಲ್ಲ ಎಂದಳು. ಅಳಲಿಲ್ಲ. ಮುಖ ಮಾತ್ರ ಕೆಂಪಾಯಿತು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

“ಸರಿ” ಎಂದರು ಸೌಮ್ಯಶ್ರೀ. “ಆ ಮನುಷ್ಯನನ್ನು ವಾಪಸ್ ಕರೀರಿ. ಆದ್ರೆ ನಿಮ್ಮ ತಂದೆಯ ಕಥೆ ಅವರಿಗೆ ಹೇಳ್ಬೇಡಿ. ಅದು ನಿಮ್ಮದು, ನೀವೇ ಹೊತ್ಕೊಳ್ಳಿ. ಅವರು ಕಂಡದ್ದು ಸುಳ್ಳಲ್ಲ ಅಂತ ಮಾತ್ರ ಹೇಳಿ. ಅಷ್ಟಕ್ಕೆ ಅವರಿಗೆ ಹಕ್ಕುಂಟು.”

“ಡಾಕ್ಟರು ರೋಗಿಗಳನ್ನು ನೋಡ್ಬಾರ್ದು ಅಂತ ಹೇಳಿದ್ದಾರೆ.”

“ಹೊಸ ರೋಗಿಗಳನ್ನು ಅಂತ ಬರೆದದ್ದು. ಇವರು ಹಳಬರಲ್ವಾ?”

ಫೋನು ಎತ್ತಿದ್ದು ಪರಮೇಶ್ವರಿ. “ಅವ ಬರುದಿಲ್ಲ ಹೇಳ್ತಾನೆ. ನೀವೇ ಕೇಳಿ ನೋಡಿ” ಎಂದು ತಮ್ಮನಿಗೆ ಕೊಟ್ಟರು. ಕ್ಯಾರಲ್ ಒಂದು ಸಲ ಬಂದು ಹೋಗಿ ಎಂದಳು. ಇಪ್ಪತ್ತೈದು ವರ್ಷ ಸರಕಾರಿ ಕುರ್ಚಿಯಲ್ಲಿ ಕೂತವನಿಗೆ ಕರೆದಲ್ಲಿಗೆ ಹೋಗಿ ಅಭ್ಯಾಸ. ಬಂದ.

“ಅವತ್ತು ನನ್ನ ಮುಖದಲ್ಲಿ ನೀವು ಕಂಡದ್ದು ಸುಳ್ಳಲ್ಲ” ಎಂದಳು ಕ್ಯಾರಲ್. “ಆ ಹೊತ್ತಿಗೆ ನನಗೆ ನಿಮ್ಮ ಬಗ್ಗೆ ತಾತ್ಸಾರ ಆದದ್ದು ಹೌದು. ಅದು ನನ್ನ ತಪ್ಪು. ನೀವು ಕೇಳಿದಾಗ ಇಲ್ಲ ಅಂದೆ, ಅದು ಅದಕ್ಕಿಂತ ದೊಡ್ಡ ತಪ್ಪು.”

ಮುರಳೀಕೃಷ್ಣ ಕೈಯಲ್ಲಿದ್ದ ಕರವಸ್ತ್ರವನ್ನು ಮೇಜಿನ ಮೇಲೆ ಇಟ್ಟ. ಆಮೇಲೆ ಅವಳು ಎಣಿಸದೇ ಇದ್ದದ್ದು ನಡೆಯಿತು. ಅವನಿಗೆ ಸಿಟ್ಟು ಬಂತು.

“ನಿಮ್ಮ ಪ್ರಾಯ ಎಷ್ಟು?” ಎಂದ. “ನನ್ನ ಮಗಳಾಗ್ಬಹುದು ನೀವು. ನಾನು ಬಸ್ಸು ಹಿಡಿದು, ಅಕ್ಕನ ಕೈ ಹಿಡ್ಕೊಂಡು, ನಾಚಿಗೆ ಬಿಟ್ಟು ಇಲ್ಲಿಗೆ ಬರುದು. ನೀವು ನನ್ನ ತುಟಿ ನೋಡಿ ನಗ್ಲಿಕ್ಕೆ ಕೂತದ್ದಾ? ಗೊತ್ತಾಗುದಿಲ್ಲ ಅಂತ ಎಣಿಸಿದ್ರಾ? ಆಫೀಸಲ್ಲಿ ಎಲ್ಲರ ಮುಖದಲ್ಲೂ ಅದೇ ಉಂಟು. ಮನೆಯಲ್ಲಿ ಹೆಂಡತಿಯ ಮುಖದಲ್ಲೂ ಉಂಟು. ಕೇಳಿದ್ರೆ ಎಲ್ಲರದ್ದೂ ಒಂದೇ ಮಾತು, ನಿಮ್ಗೆ ಅನಿಸಿದ್ದು, ನಿಮ್ಗೆ ಅನಿಸಿದ್ದು. ನನಗೇ ತಲೆ ಸರಿ ಇಲ್ಲ ಅಂತ ಆಯ್ತು ಕೊನೆಗೆ.”

ಅವನು ಬಹಳ ಹೊತ್ತು ಬೈದ. ಚೆನ್ನಾಗಿಯೇ ಬೈದ. ಸ್ವರ ಎಳೆಯಲಿಲ್ಲ, ಎದುರುಮನೆಯ ಪಂಪಿಗೆ ಹೋಗಲಿಲ್ಲ, ತುಟಿ ಒರೆಸಿಕೊಳ್ಳುವುದೂ ಮರೆತುಹೋಗಿತ್ತು. ಬೈಯುತ್ತ ಬೈಯುತ್ತ ಕ್ಯಾರಲ್‌ಳನ್ನು ಬಿಟ್ಟು ಸೂಪರಿಂಟೆಂಡೆಂಟರಿಗೆ ಹೋದ. ಆ ದಿನ ಸೆಕ್ಷನಿನಲ್ಲಿ ಏನು ಹೇಳಬೇಕಿತ್ತೋ ಅದನ್ನೆಲ್ಲ ಆ ಕೋಣೆಯಲ್ಲಿ ಹೇಳಿದ. ಈ ಮನುಷ್ಯನನ್ನು ಕ್ಯಾರಲ್ ಅದುವರೆಗೆ ಕಂಡಿರಲಿಲ್ಲ.

ಮುರಳೀಕೃಷ್ಣ ಮತ್ತೆ ಬರತೊಡಗಿದ. ಎರಡು ತಿಂಗಳ ಮೇಲೆ ಕೆಲಸಕ್ಕೆ ಹೋದ. ಸೂಪರಿಂಟೆಂಡೆಂಟರು ಒಂದು ದಿನ ಅವನ ಟಿಪ್ಪಣಿಯನ್ನು ಗಟ್ಟಿಯಾಗಿ ಓದಲು ಹಿಡಿದಾಗ ಎದ್ದು ಹೋಗಿ ಅವರ ಕೈಯಿಂದ ಫೈಲು ತೆಗೆದುಕೊಂಡು ಬಂದನಂತೆ. ಒಂದು ಮಾತೂ ಆಡಲಿಲ್ಲವಂತೆ. ತನ್ನ ಜಾಗಕ್ಕೆ ಬಂದು ಕೂತು ಟಿಪ್ಪಣಿಯನ್ನು ಮುಂದುವರಿಸಿದನಂತೆ. ಇದನ್ನು ಹೇಳುವಾಗ ಅವನಿಗೆ ಹೆಮ್ಮೆಯಿತ್ತು. ಹೇಳಿ ಮುಗಿಸಿ ಎದುರುಮನೆಯ ಪಂಪಿನ ವಿಷಯ ತೆಗೆದ. ಕ್ಯಾರಲ್‌ಗೆ ಅವನು ಕೊನೆಯವರೆಗೂ ಇಷ್ಟವಾಗಲಿಲ್ಲ. ತಾತ್ಸಾರ ಎಲ್ಲಿಂದ ಏಳುತ್ತದೆ ಎಂದು ತಿಳಿದಿದ್ದರಿಂದ ಅದು ಎದ್ದಾಗ ಹಿಡಿದು ಬದಿಗೆ ಕೂರಿಸಲು ಬರುತ್ತಿತ್ತು. ಆ ಕೆಲಸಕ್ಕೆ ಅಷ್ಟು ಸಾಕು.

ಮನೆಯ ಕೆಲಸ ಅಷ್ಟು ಸುಲಭವಾಗಲಿಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ಅವಳು ಅರ್ಧ ಅಂಗಡಿಗೆ ಹೋಗಿ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತಳು. ಲೆಸ್ಲಿ ಪಂಚಾಯತಿನವರಿಂದ ಶುರು ಮಾಡಿದ. ಅವಳು ಏಳಲಿಲ್ಲ. ಅವನಿಗೇ ಸಂಶಯ ಬಂತು.

“ಎಂತ, ನನ್ನ ಮೇಲೆ ಸೈಕಾಲಜಿ ಮಾಡ್ತಿದ್ದೀಯಾ?”

“ಇಲ್ಲ ಪಪ್ಪಾ. ಸುಮ್ನೆ ಕೂತದ್ದು.”

“ಇದನ್ನೆಲ್ಲ ಮನೆಗೆ ಹೋಗಿ ಆಡಿ ತೋರಿಸ್ತೀಯಾ ಮಮ್ಮಿಗೆ?”

ಕ್ಯಾರಲ್ ತಲೆ ತಗ್ಗಿಸಿದಳು. ಅಪ್ಪನ ಗೋಳನ್ನು ಅಡುಗೆಮನೆಯಲ್ಲಿ ಅವಳು ಎಷ್ಟೋ ಸಲ ಆಡಿ ತೋರಿಸಿದ್ದಳು, ಅವನಿಗೆ ಅದು ಕೇಳಿಸುತ್ತಿತ್ತು ಎಂದು ಅವಳಿಗೆ ತಿಳಿದಿರಲಿಲ್ಲ. ಗೋಡೆಯ ಆಚೆ ಲಾರಿಗಳು ಹೋಗುತ್ತಿದ್ದವು. ಲೆಸ್ಲಿ ಪಂಚಾಯತಿನವರ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ. ಅವಳು ಮಧ್ಯಾಹ್ನದ ಊಟದವರೆಗೂ ಕೇಳಿದಳು. ಆ ಮೇಲೂ ಹಲವು ಭಾನುವಾರ ಹೋಗಿ ಕೂತಳು. ಬೋರು ಹೊಡೆಯುತ್ತಿತ್ತು, ಆದರೂ ಕೂತಳು.

ಅಷ್ಟರಲ್ಲಿ ಅತ್ತ ಶಶಾಂಕನ ಅಜ್ಜಿ ನಿಜವಾಗಿ ತೀರಿಹೋದರು. ಅವನು ರಜೆ ಮುಗಿಸಿ ಬಂದ ಶುಕ್ರವಾರ ವೃತ್ತದಲ್ಲಿ ಎಲ್ಲರೂ ಅವನತ್ತ ನೋಡುತ್ತಿದ್ದರೆ, ಪರೀಕ್ಷೆಯ ಒತ್ತಡದ ಬಗ್ಗೆ ಮಾತಾಡಿದ. ಬೇರೆ ಏನು ಮಾಡಿಯಾನು? ಅಜ್ಜಿಯನ್ನು ಆಗಲೇ ಖರ್ಚು ಮಾಡಿಯಾಗಿತ್ತು. ಅವನ ಕಣ್ಣು ಊದಿಕೊಂಡಿದ್ದದ್ದನ್ನು ಗಮನಿಸಿದ್ದು ಕ್ಯಾರಲ್ ಒಬ್ಬಳೇ. ಹೊರಗೆ ಬಂದ ಮೇಲೆ, “ಹೋಳಿಗೆ ಅಜ್ಜಿಯಾ?” ಎಂದು ಕೇಳಿದಳು. ಅವನು ಹೌದೆಂದು ತಲೆ ಅಲ್ಲಾಡಿಸಿ ಸರಸರನೆ ನಡೆದುಹೋದ.

‘ವ್ಯಕ್ತಿತ್ವ ವಿಕಾಸ’ದಲ್ಲಿ ಆ ಬ್ಯಾಚಿನ ಮೊದಲ ಸ್ಥಾನ ಅವನಿಗೇ ಬಂತು. ಕ್ಯಾರಲ್ ಆರು ತಿಂಗಳು ತಡವಾಗಿ, ಪಾಸಾಗಲು ಬೇಕಾದಷ್ಟೇ ಅಂಕ ತೆಗೆದುಕೊಂಡು ಹೊರಬಂದಳು. ಅವಳ ಬಗ್ಗೆ ವೆಂಕಟಕೃಷ್ಣರು ಬರೆದದ್ದು ‘ತಿದ್ದಿಕೊಳ್ಳುವ ಪ್ರಯತ್ನದಲ್ಲಿದ್ದಾಳೆ’ ಎಂದು. ಇತ್ತೀಚೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಅತ್ತರಂತೆ. ಈಗ ವೃತ್ತವನ್ನು ನಡೆಸುವವನು ಶಶಾಂಕ. ಖಾದಿ ಜುಬ್ಬ ಅವನಿಗೆ ಚೆನ್ನಾಗಿ ಒಪ್ಪುತ್ತದೆ. ವಿದ್ಯಾರ್ಥಿಗಳು ಅವನನ್ನು ದೇವರಂಥವರು ಎನ್ನುತ್ತಾರೆ. ಮೊಣಕೈ ಎಂದವರು ಇನ್ನೂ ಯಾರೂ ಹುಟ್ಟಿಲ್ಲ.

ಕ್ಯಾರಲ್ ಈಗ ಬಂದ್ಯೋಡು ಪೇಟೆಯಲ್ಲೇ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಾಳೆ. ಶಿರಿಯದ ಮೀನುಗಾರರ ಮನೆಯವರು ಬರುತ್ತಾರೆ, ಮೇಷ್ಟ್ರುಗಳು ಬರುತ್ತಾರೆ, ಪರೀಕ್ಷೆಗೆ ಹೆದರಿದ ಮಕ್ಕಳು ಬರುತ್ತಾರೆ. ಅವಳನ್ನು ಕಂಡರೆ ಎಲ್ಲರಿಗೂ ಆಗುತ್ತದೆ ಎಂದಿಲ್ಲ. ಮುಖ ಗಂಟು ಹಾಕಿಕೊಂಡಿರುತ್ತಾಳೆ ಎಂದು ಹೇಳುವವರಿದ್ದಾರೆ. ಸಂಸ್ಥೆಯವರು ವರ್ಷಕ್ಕೊಬ್ಬರು ತರಬೇತಿಯವರನ್ನು ಅವಳಲ್ಲಿಗೆ ಕಳಿಸುತ್ತಾರೆ. ಈ ವರ್ಷ ಬಂದವಳು ನಿಶ್ಮಿತಾ. ಮೊದಲ ದಿನ ಇಡೀ ಬೆಳಗ್ಗೆ ಕ್ಯಾರಲ್‌ಳ ಪಕ್ಕದಲ್ಲಿ ರೋಗಿಗಳ ಜೊತೆ ಕೂತು, ಊಟದ ಹೊತ್ತಿಗೆ ಮುಖ ಅರಳಿಸಿಕೊಂಡು ಬಂದಳು.

“ಇವತ್ತು ಬಂದವರಲ್ಲಿ ನಿಮ್ಗೆ ಯಾರನ್ನು ಕಂಡ್ರೆ ಆಗ್ಲಿಲ್ಲ?” ಎಂದು ಕ್ಯಾರಲ್ ಕೇಳಿದಳು.

“ಹಾಗೆ ಯಾರೂ ಇಲ್ಲ ಮೇಡಂ. ಎಲ್ಲರೂ ಇಷ್ಟ ಆದ್ರು.”

“ಆ ಕೊನೆಗೆ ಬಂದ ಹೆಂಗಸು? ಸೊಸೆಯ ಬಗ್ಗೆ ಒಂದೇ ಮಾತನ್ನು ತಿರುಗಿ ತಿರುಗಿ ಹೇಳ್ತಿದ್ದವರು?”

“ಪಾಪ ಅವರು. ನನಗೆ ಅವರ ನೋವು ಇಲ್ಲಿ ಮುಟ್ಟಿತು” ಎಂದು ನಿಶ್ಮಿತಾ ಎದೆಯ ಮೇಲೆ ಕೈ ಇಟ್ಟಳು.

“ಅವರು ಮಾತಾಡುವಾಗ ನೀವು ಎರಡು ಸಲ ಫೋನು ನೋಡಿದ್ರಿ” ಎಂದಳು ಕ್ಯಾರಲ್.

ನಿಶ್ಮಿತಾಳ ಕೈ ಎದೆಯಿಂದ ನಿಧಾನವಾಗಿ ಕೆಳಗಿಳಿಯಿತು. ಕ್ಯಾರಲ್ ಬುತ್ತಿ ಬಿಚ್ಚಿ, ಹುರಿದ ಮೀನಿನಲ್ಲಿ ಅರ್ಧವನ್ನು ಅವಳ ತಟ್ಟೆಗೆ ಹಾಕಿ, ಊಟ ಮಾಡಿ ಎಂದಳು.